ಕ್ಷಮಿಸಲು ಹೋದವಳು

ಮರುದಿನ ಇಗರ್ಜಿಯಲ್ಲಿ ಮಗಳಿಗೆ ಮೊದಲ ಪರಮಪ್ರಸಾದ. ಅದಕ್ಕೆ ಮುಂಚೆ ಹಿಲ್ಡಾ ಪಾಪನಿವೇದನೆಗೆ ಮೊಣಕಾಲೂರಿ, ಪಕ್ಕದ ಮನೆಯ ಸೆವ್ರಿನಳ ಜೊತೆ ಎಂಟು ವರ್ಷದಿಂದ ಮಾತು ಬಿಟ್ಟದ್ದನ್ನು ಹೇಳಿಕೊಂಡಳು.

"ಮೊದಲು ಅವಳ ಹತ್ತಿರ ರಾಜಿ ಮಾಡಿಕೋ. ಮತ್ತೆ ಮಗಳ ಪಕ್ಕ ನಿಂತು ಪ್ರಸಾದ ತಗೋ" ಎಂದರು ಪಾದ್ರಿ.

ಹೊರಗೆ ಕಾದಿದ್ದ ಮಗಳು ಕೇಳಿದಳು: "ನಿನ್ನ ಪಾಪ ಅಷ್ಟು ಉದ್ದ ಉಂಟಾ ಅಮ್ಮಾ?"

ಸಾಲಿನಲ್ಲಿದ್ದವರು ನಕ್ಕರು. ಹಿಲ್ಡಾ ನಾಚಿಕೆಯಿಂದ ತಲೆ ತಗ್ಗಿಸಿ, ಸೀದಾ ಸೆವ್ರಿನಳ ಅಂಗಳಕ್ಕೆ ನಡೆದಳು.

ಸೆವ್ರಿನ್ ಮೀನು ಕೊಯ್ಯುತ್ತಿದ್ದಳು. "ದಾರಿ ತಪ್ಪಿ ಬಂದದ್ದಾ ಮಾರಾಯ್ತಿ?"

"ಇಲ್ಲ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ಹೇಳ್ಲಿಕ್ಕೆ ಬಂದೆ."

"ಎಂತಕ್ಕೆ?"

"ಎಂತಕ್ಕಾ? ನನ್ನ ಅಮ್ಮ ತೀರಿದಾಗ ಊರಿಡೀ ಇಗರ್ಜಿಗೆ ಬಂತು. ಪಕ್ಕದ ಮನೆಯವಳು ನೀನು, ಒಂದು ಹಿಡಿ ಮಣ್ಣು ಹಾಕ್ಲಿಕ್ಕೂ ಬರ್ಲಿಲ್ಲ. ಇರ್ಲಿ, ಬಿಟ್ಟೆ."

ಸೆವ್ರಿನ್ ಕತ್ತಿ ಕೆಳಗಿಟ್ಟಳು.

"ಕಪ್ಪು ಸೀರೆ ಉಟ್ಟು ಹೊರಟಿದ್ದೆ ಹಿಲ್ಡಾ. ಅಷ್ಟರಲ್ಲಿ ನೀನು ಮಲಗಿಸಿ ಹೋದ ಕೂಸು ಎದ್ದು ಹಸಿವಿಗೆ ಕಿರುಚಿತು. ನಿನ್ನ ಅತ್ತೆಗೆ ಸುಧಾರಿಸ್ಲಿಕ್ಕೆ ಆಗ್ಲಿಲ್ಲ. ನಿನಗೆ ಬೇಸರ ಆದೀತು, ಹೇಳ್ಬೇಡಿ ಅಂತ ಅವರಿಗೆ ನಾನೇ ಅಂದದ್ದು."

"ಎಂತ ಹೇಳ್ಬೇಡಿ ಅಂತ?"

"ನನ್ನ ಮಗನೂ ಆಗ ಹಾಲು ಕುಡಿಯುವವನಲ್ವಾ? ನೀನು ಅಮ್ಮನನ್ನು ಮಣ್ಣು ಮಾಡಿ ಬರುವವರೆಗೆ ನಿನ್ನ ಮಗಳಿಗೆ ನಾನೇ ಎದೆಹಾಲು ಕೊಟ್ಟೆ."