ಒಂದೇ ಬದಿ ಸವೆದ ಹಿಮ್ಮಡಿ

ಪಾದದ ಡಾಕ್ಟರಮ್ಮ ರೋಗಿಯ ಚಪ್ಪಲಿಯನ್ನು ತಿರುವಿ ಹಿಡಿದಳು. "ನೋಡಿ, ಹಿಮ್ಮಡಿ ಒಂದೇ ಬದಿ ಸವೆದಿದೆ. ನೋವು ಜಾಸ್ತಿ ಆಗ್ತಿರೋದು ಇದರಿಂದಲೇ. ಇವತ್ತೇ ಬಿಸಾಕಿ."

"ಆಯ್ತಮ್ಮ," ಎಂದ ರೋಗಿ ಪಕ್ಕದಲ್ಲಿ ಕೂತ ಮಗಳತ್ತ ಕೈ ತೋರಿಸಿದಳು. "ಇವಳೂ ನೀವು ಓದಿದ್ದನ್ನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಹೊಟ್ಟೆ ತುಂಬೋಷ್ಟು ಸಂಬಳ ಬರುತ್ತಾ?"

ಓದು ಮುಗಿದು ವರ್ಷ ಕಳೆದರೂ ಡಾಕ್ಟರಮ್ಮನಿಗೆ ಸಿಕ್ಕಿದ್ದು ವಾರಕ್ಕೆರಡು ದಿನದ ಈ ಕೆಲಸವಷ್ಟೇ. "ಮೊದಮೊದಲು ಸ್ವಲ್ಪ ಕಷ್ಟ," ಎನ್ನುತ್ತ ಅವಳು ತನ್ನ ಕಾಲನ್ನು ಸ್ಟೂಲಿನಡಿ ಎಳೆದುಕೊಂಡಳು.

ಹುಡುಗಿಯ ಕಣ್ಣು ಆಗಲೇ ಅಲ್ಲಿತ್ತು. "ಡಾಕ್ಟರೇ, ನಿಮ್ಮ ಷೂನೂ ಒಂದೇ ಬದಿ ಸವೆದಿದೆ," ಎಂದಳು, ತರಗತಿಯಲ್ಲಿ ಸರಿಯುತ್ತರ ಕೊಟ್ಟವಳ ಹೆಮ್ಮೆಯಿಂದ.

ತಾಯಿ ಬಗ್ಗಿ ನೋಡಿದಳು. "ಏಳು, ಬೇರೆ ಕೋರ್ಸು ನೋಡೋಣ."

ಇಷ್ಟು ಚುರುಕು ಕಣ್ಣು ತನ್ನ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ ಎಂದು ಹೇಳಲು ಡಾಕ್ಟರಮ್ಮನಿಗೆ ಬಾಯಿ ಬರಲಿಲ್ಲ.