ಹೊಂಡದಲ್ಲಿ ವರ

ಅಶ್ವಥ್ ಹೆಬ್ಬೂರಿನ ಗುಂಡಯ್ಯನವರ ಕೃಷಿ ಹೊಂಡಕ್ಕೆ ಹಾರಿದ್ದು ಅವರ ಮಗಳು ಭಾನುಪ್ರಿಯಾಳನ್ನು ಮದುವೆಯಾಗುವುದಕ್ಕೆ. ಹೆಣ್ಣು ನೋಡಲು ಬಂದ ಗಂಡು ತೆಪ್ಪಗೆ ಕುರ್ಚಿಯಲ್ಲಿ ಕೂತು ಕೇಸರಿಬಾತು ತಿನ್ನಬೇಕು. ಅದು ಬಿಟ್ಟು, ಮುಖವೊಂದನ್ನುಳಿದು ಮೈಯೆಲ್ಲ ಮುಚ್ಚುವ ಕಿತ್ತಳೆ ಬಣ್ಣದ ರಬ್ಬರ್ ಸೂಟು ತೊಟ್ಟು ತೋಟದ ನೀರಿಗೆ ಬೀಳುವುದು ಯಾವ ಸೀಮೆಯ ಶಾಸ್ತ್ರ? ಆದರೆ ಪಾಪ, ಅವನಿಗೂ ಬೇರೆ ದಾರಿ ಇರಲಿಲ್ಲ.

ಗುಬ್ಬಿಯ ಹುಡುಗ, ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ, ಒಳ್ಳೆಯ ಸಂಬಳ. ಇಷ್ಟೆಲ್ಲ ಕೇಳಿ ತಲೆದೂಗಿದ ಪ್ರತಿ ಮನೆಯಲ್ಲೂ ಒಬ್ಬ ಅಜ್ಜಿ ಇರುತ್ತಿದ್ದರು. ಹಡಗು ಮುಳುಗಿದರೆ ನಮ್ಮ ಹುಡುಗಿಯ ಗತಿಯೇನು ಎಂದು ಕೇಳುತ್ತಿದ್ದರು. ಸಂಬಂಧ ಅಲ್ಲಿಗೆ ಮುರಿದುಬೀಳುತ್ತಿತ್ತು. ಹೀಗೆ ಮೂರು ಮನೆ ಕೈತಪ್ಪಿದ ಮೇಲೆ ಅಶ್ವಥ್, ಹಡಗಿನವರು ಹಳೆಯದೆಂದು ಬಿಸಾಕಿದ್ದ ಈ ಸೂಟನ್ನೂ ಜಾತಕದ ಜೊತೆಗೆ ಕಾರಿನಲ್ಲಿಟ್ಟುಕೊಂಡು ಬರತೊಡಗಿದ್ದ. ಇಲ್ಲಿ ಆ ಪ್ರಶ್ನೆ ಕೇಳಿದವರು ಗುಂಡಯ್ಯನವರ ತಾಯಿ ಚಿಕ್ಕಮಾರಮ್ಮ. ಇದನ್ನು ತೊಟ್ಟವನು ಮುಳುಗಬೇಕೆಂದರೂ ಮುಳುಗುವುದಿಲ್ಲ ಅಜ್ಜಿ ಎಂದ ಅಶ್ವಥ್. ಹಾಗಾದರೆ ತೋರಿಸು ಎಂದರು ಅವರು.

ತೋರಿಸಿದ. ಬುಳಕ್ಕನೆ ಒಳಗೆ ಹೋಗಿ, ಮರುಕ್ಷಣ ಮೇಲೆ ಬಂದು, ಅಂಗಾತ ತೇಲಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಂಡದ ಇಳಿಜಾರಿಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿತ್ತು, ಹಾಳೆಯ ಮೇಲೆ ಪಾಚಿ ಕಟ್ಟಿತ್ತು. ಅಶ್ವಥ್ ಹತ್ತಿದ, ಜಾರಿದ, ಮತ್ತೆ ಹತ್ತಿದ, ಮತ್ತೆ ಜಾರಿದ. ಹಡಗಿನ ತರಬೇತಿಯಲ್ಲಿ ಬೆಂಕಿಗೆ, ಬಿರುಗಾಳಿಗೆ, ಕಡಲ್ಗಳ್ಳರಿಗೆ ಕೂಡ ಪಾಠ ಇತ್ತು. ಕೃಷಿ ಹೊಂಡದ ಪಾಠವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಕೊನೆಗೆ ಗಾಳಿ ಅವನನ್ನು ಮೆಲ್ಲಗೆ ನಡುನೀರಿಗೆ ತಳ್ಳಿಕೊಂಡು ಹೋಯಿತು.

ಹಗ್ಗ ತರಲು ಓಡುತ್ತಿದ್ದ ಗುಂಡಯ್ಯನವರನ್ನು ಚಿಕ್ಕಮಾರಮ್ಮ ತಡೆದರು.

"ತಡ್ಕಳ್ಲಾ ಗುಂಡ. ಮುಳುಗಲ್ಲ ಅಂತ ಅವ್ರೇ ಹೇಳವ್ರೆ. ಮೊದ್ಲು ಮಾತುಕತೆ ಮುಗೀಲಿ."

ಅಶ್ವಥನ ಸೋದರಮಾವ ಮಹಾದೇವಯ್ಯನವರಿಗೆ ರೇಗಿತು. ಗಂಡನ್ನು ನೀರಿನಲ್ಲಿ ಬಿಟ್ಟುಕೊಂಡು ಮಾತುಕತೆ ಆಡುವ ಪದ್ಧತಿ ತಮ್ಮಲ್ಲಿ ಇಲ್ಲ ಎಂದರು.

"ಹೆಣ್ ಹೆತ್ತೋರು ಯಾವಾಗ್ಲೂ ನಡುನೀರಲ್ಲೇ ನಿಂತು ಮಾತಾಡದು ಸ್ವಾಮಿ," ಎಂದರು ಅಜ್ಜಿ, ದಡದ ಮೇಲೆ ಆರಾಮಾಗಿ ಕೂರುತ್ತಾ. "ಇವತ್ತೊಂದಿನ ನೀವ್ ನಿಂತ್ಕಳಿ."

ಆ ಸೂಟು ಮಂಜುಗಡ್ಡೆಯಂಥ ಸಮುದ್ರದಲ್ಲಿ ಮೈ ಬೆಚ್ಚಗಿಡಲೆಂದು ಮಾಡಿದ್ದು. ಏಪ್ರಿಲ್ ತಿಂಗಳ ಹೆಬ್ಬೂರಿನ ಬಿಸಿಲಲ್ಲೂ ಅದು ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿತ್ತು. ಒಳಗೆ ಅಶ್ವಥ್ ಇಡ್ಲಿಯ ಹಾಗೆ ಬೇಯುತ್ತಿದ್ದ. ಮದುವೆ ನಮ್ಮೂರಲ್ಲೇ ಆಗಬೇಕು ಎಂದರು ಅಜ್ಜಿ. ಯೋಚಿಸಿ ಹೇಳುತ್ತೇವೆ ಎಂದು ಮಹಾದೇವಯ್ಯ ಬಾಯಿ ತೆರೆಯುವಷ್ಟರಲ್ಲಿ ಹೊಂಡದಿಂದ ಒಂದು ಕಿತ್ತಳೆ ಕೈ ಮೇಲೆದ್ದು ಒಪ್ಪಿಗೆ ಕೊಟ್ಟಿತು. ಭಾನುಪ್ರಿಯಾ ತುಮಕೂರಿನ ಲ್ಯಾಬಿನ ಕೆಲಸ ಬಿಡುವುದಿಲ್ಲ ಎಂದರು ಅಜ್ಜಿ. ಕೈ ಎದ್ದಿತು. ಅವನು ಹಡಗಿಗೆ ಹೋದಾಗ ತಾನು ಎಲ್ಲಿರಬೇಕೆಂದು ಅವಳೇ ತೀರ್ಮಾನಿಸುತ್ತಾಳೆ ಎಂದರು. ಎರಡೂ ಕೈ ಎದ್ದವು. ಕೈ ಇಳಿಸೋ ಎಂದು ಮಹಾದೇವಯ್ಯ ಗದರಿದರು.

"ದಮ್ಮಯ್ಯ ಅಂತೀನಿ, ಒಪ್ಕೊಂಬುಡು ಮಾವ," ಎಂಬ ಉತ್ತರ ನೀರಿನ ಮೇಲಿಂದ ತೇಲಿಬಂತು.

ಇನ್ನು ಹುಡುಗ ಹುಡುಗಿ ಇಬ್ಬರೇ ಏನಾದರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಪದ್ಧತಿಯಂತೆ ಎದ್ದು, ಹಗ್ಗ ಹುಡುಕುತ್ತಾ ತೆಂಗಿನ ಮರಗಳ ಕಡೆಗೆ ಹೋದರು. ಭಾನುಪ್ರಿಯಾ ದಡದ ಅಂಚಿಗೆ ಬಂದಳು. ಅಷ್ಟು ಹೊತ್ತು ನಗು ತಡೆದು ತಡೆದು ಅವಳಿಗೆ ಹೊಟ್ಟೆನೋವು ಬಂದಿತ್ತು. ಹಡಗಿನಲ್ಲೂ ಹೀಗೇ ಹಾರುತ್ತೀರಾ ಎಂದು ಕೇಳಿದಳು. ಇಲ್ಲ, ತಿಂಗಳು ತಿಂಗಳು ಅಭ್ಯಾಸ ಮಾಡಿಸುತ್ತಾರೆ, ಆದರೆ ಡೆಕ್ಕಿನ ಮೇಲೆ ನಿಂತು ಇದನ್ನು ತೊಡುವುದು ಬಿಚ್ಚುವುದು ಅಷ್ಟೆ, ತೊಟ್ಟು ನೀರಿಗೆ ಬಿದ್ದಿದ್ದು ಇವತ್ತೇ ಮೊದಲು ಎಂದ ಅಶ್ವಥ್. ಸುಳ್ಳು ಹೇಳಿ ಜಂಬ ಕೊಚ್ಚಬಹುದಿತ್ತು. ಕೊಚ್ಚಲಿಲ್ಲವೆಂದು ಅವಳಿಗೆ ಇಷ್ಟವಾಯಿತು.

"ನಿಜವಾಗ್ಲೂ ಯಾರಾದ್ರೂ ಸಮುದ್ರಕ್ಕೆ ಬಿದ್ರೆ ಏನ್ ಮಾಡ್ತೀರ?"

"ಒಬ್ಬ ತೇಲೋ ಟ್ಯೂಬ್ ಎಸೀತಾನೆ, ಒಬ್ಬ ಕ್ಯಾಪ್ಟನ್‌ಗೆ ಹೇಳಕ್ಕೆ ಓಡ್ತಾನೆ. ಇನ್ನೊಬ್ಬ ಬಿದ್ದೋನ ಕಡೆ ಕೈ ತೋರಿಸ್ಕೊಂಡು ನಿಂತಿರ್ಬೇಕು. ಎತ್ತೋವರ್ಗೂ ಕಣ್ ಆಚೆ ಈಚೆ ಆಡಿಸಂಗಿಲ್ಲ. ಅಲೆ ಮಧ್ಯೆ ಒಂದ್ಸಲ ಕಣ್ ತಪ್ಪೋದ್ರೆ ಮತ್ತೆ ಸಿಗಲ್ಲ."

"ಅಷ್ಟೇನಾ ಅವನ ಕೆಲ್ಸ?"

"ಅಷ್ಟೇ. ಎಲ್ಲಾರ್‌ಗಿಂತ ದೊಡ್ ಕೆಲ್ಸ ಅದೇ."

ಹಿರಿಯರು ಹಗ್ಗದ ಸಮೇತ ವಾಪಸು ಬಂದಾಗ ಭಾನುಪ್ರಿಯಾ ಬಲಗೈ ನೀಳವಾಗಿ ಚಾಚಿ, ಬೆರಳನ್ನು ಅಶ್ವಥನ ಕಡೆ ತೋರಿಸಿಕೊಂಡು, ರೆಪ್ಪೆ ಹೊಡೆಯದೆ ನಿಂತಿದ್ದಳು. ನೋಡಲು ಬಂದ ಗಂಡನ್ನು ಹುಡುಗಿಯೊಬ್ಬಳು ಹೀಗೆ ತಲೆಯೆತ್ತಿ ದಿಟ್ಟಿಸುವುದನ್ನು ಮಹಾದೇವಯ್ಯ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಗುಂಡಯ್ಯನವರಿಗೆ ಮುಜುಗರವಾಯಿತು. ಇದೇನೇ ನಿನ್ನ ಅವತಾರ, ಈ ಕಡೆ ತಿರುಗು ಎಂದರು.

"ಆಗಲ್ಲ ಕಣಪ್ಪ," ಎಂದಳು ಅವಳು, ಅಲುಗಾಡದೆ. "ನಾನ್ ಕಣ್ ತಪ್ಪಿಸಿದ್ರೆ ಇವ್ರು ಕಳ್ದೋಗ್ತಾರೆ."