ಗರಾಜಿನ ನಾಲ್ಕು ಟೈರು

ಮಗ ಬಂದದ್ದು ಟೈರುಗಳನ್ನು ಸಾಗಿಸಲಿಕ್ಕೇ ಎಂಬ ಅನುಮಾನ ಯೋಗೇಶರಿಗೆ ಬಾಗಿಲಲ್ಲೇ ಬಂತು. ಮೂರು ವರ್ಷ ಈ ಕಡೆ ತಲೆ ಹಾಕದವನು, ಮನೆ ಮಾರುತ್ತಿದ್ದೇನೆ ಎಂದು ಒಂದು ಸಾಲು ಬರೆದದ್ದೇ ತಡ, ಏಪೆಕ್ಸ್‌ ಊರಿನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಆಶ್‌ಬರ್ನ್‌ಗೆ ಬಂದು ನಿಂತಿದ್ದ. ಅದೂ ಬಾಡಿಗೆ ಟ್ರಕ್ಕಿನಲ್ಲಿ.

"ಶೂ ತೆಗಿ," ಎಂದರು ಯೋಗೇಶ. ಮೂರು ವರ್ಷದ ನಂತರ ಮಗನೊಡನೆ ಆಡಿದ ಮೊದಲ ಮಾತು ಅದು.

ಸಿದ್ಧಾರ್ಥ್ ಬಗ್ಗಿ ಶೂ ಬಿಚ್ಚಿಟ್ಟ. "ಗರಾಜ್ ಕ್ಲೀನ್ ಮಾಡ್ಲಾ ಅಪ್ಪ? ಆ ಟೈರ್ಸ್ ನಾನು ತಗೊಂಡ್ ಹೋಗ್ತೀನಿ."

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದುಕೊಂಡರು ಯೋಗೇಶ.

ಗರಾಜಿನ ಹಿಂಗೋಡೆಯ ಹಲಗೆಯ ಮೇಲೆ ಹಿಮದಲ್ಲಿ ಕಾರು ಜಾರದಂತೆ ಚಳಿಗಾಲದಲ್ಲಿ ಹಾಕುವ ನಾಲ್ಕು ಸ್ನೋ ಟೈರುಗಳಿದ್ದವು, ರಿಮ್ ಸಮೇತ, ಒಂದೊಂದೂ ಕಪ್ಪು ಚೀಲದಲ್ಲಿ. ಯೋಗೇಶ ಅವನ್ನು ತಾವೂ ಮುಟ್ಟಿರಲಿಲ್ಲ, ಬೇರೆಯವರನ್ನೂ ಮುಟ್ಟಗೊಟ್ಟಿರಲಿಲ್ಲ. ಕಾರೇ ಇಲ್ಲದ ಮೇಲೆ ಅದರ ಟೈರು ಯಾಕೆ ಎಂದು ಕೇಳಿದ ಸ್ನೇಹಿತರನ್ನು ಗರಾಜಿನಿಂದ ಆಚೆ ಕರೆದೊಯ್ದಿದ್ದರು. ಅವರ ಲೆಕ್ಕದಲ್ಲಿ ಅವು ಟೈರಲ್ಲ, ಸಾಕ್ಷಿ.

ಟೈರಿನ ವಿಷಯದಲ್ಲಿ ಅವರದು ಮಡಿಯಷ್ಟೇ ಕಟ್ಟುನಿಟ್ಟು. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಸ್ನೋ ಟೈರ್ ಹಾಕಬೇಕು. ಬಿಸಿಲು ಏರಿದೊಡನೆ ಕಳಚಬೇಕು, ಇಲ್ಲವಾದರೆ ಆ ಮೆತ್ತನೆಯ ರಬ್ಬರು ಸವೆದು ಹೋಗುತ್ತದೆ. ಕಳಚಿದ ಮೇಲೆ ತೊಳೆದು ಒರೆಸಿ, ಯಾವ ಚಕ್ರ ಕಾರಿನ ಯಾವ ಮೂಲೆಯಲ್ಲಿತ್ತು ಎಂದು ಸೀಮೆಸುಣ್ಣದಲ್ಲಿ ಬರೆದು, ತಾರೀಖು ಹಾಕಿ ಚೀಲಕ್ಕೆ ತುಂಬಬೇಕು. ಮಗನಿಗೆ ಹತ್ತು ವರ್ಷವಾಗುವಷ್ಟರಲ್ಲಿ ಇದೆಲ್ಲ ಬಾಯಿಪಾಠವಾಗಿತ್ತು. ಯಾಕೆ ಎಂದು ಕೇಳಬಾರದು, ಹೇಳಿದ್ದು ಮಾಡಬೇಕು. ಅದು ಆ ಮನೆಯ ಕ್ರಮ.

ಮೂರು ವರ್ಷದ ಹಿಂದೆ, ಅಕ್ಟೋಬರಿನಲ್ಲೇ ಯೋಗೇಶ ಮೈಸೂರಿಗೆ ಹೋಗಬೇಕಾಯಿತು. ತಾಯಿ ಆಸ್ಪತ್ರೆಯಲ್ಲಿದ್ದರು. ಒಂದು ತಿಂಗಳು ಎಂದು ಹೋದವರು ಮೂರು ತಿಂಗಳಾದರೂ ಅಲ್ಲೇ ಇದ್ದರು. ಟೈರಿನ ನೆನಪಾದದ್ದು ಹೊಸವರ್ಷದ ದಿನ, ಫೋನಿನಲ್ಲಿ ಆಶ್‌ಬರ್ನ್‌ನ ಹವಾಮಾನ ನೋಡಿದಾಗ. ಸೋಮವಾರ ಹಿಮ ಎಂದಿತ್ತು. ಐಸಿಯು ಬಾಗಿಲಲ್ಲೇ ನಿಂತು ಮನೆಗೆ ಕರೆ ಮಾಡಿದರು. ಕಾಲೇಜಿಗೆ ರಜೆ, ಮಗ ಮನೆಯಲ್ಲೇ ಇದ್ದ.

"ಸಿದ್ದು, ಸ್ನೋ ಟೈರ್ ತೆಗಿ. ಇವತ್ತೇ ತೆಗಿ, ನಾಳೆ ಅನ್ಬೇಡ."

"ಓಕೆ ಅಪ್ಪ."

ಅಷ್ಟೇ ಮಾತು. ನರ್ಸ್ ಕರೆದಳು, ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ಯೋಗೇಶರ ಹೆಂಡತಿ ಎಂದಿನಂತೆ ಲ್ಯಾಬಿಗೆ ಹೊರಟಳು. ಸೇತುವೆಯ ಮೇಲೆ ಕಾರು ಜಾರಿ ಟ್ರಕ್ಕಿಗೆ ಬಡಿಯಿತು. ಯೋಗೇಶ ಬಂದಿಳಿದಾಗ ನೋಡಲು ಉಳಿದಿದ್ದು ಹೆಂಡತಿಯ ಮುಖ ಮತ್ತು ಪೊಲೀಸರ ಫೋಟೋಗಳು. ಫೋಟೋದಲ್ಲಿದ್ದ ಕಾರಿನಲ್ಲಿ ಬೇಸಿಗೆಯ ಟೈರುಗಳಿದ್ದವು. ಗರಾಜಿಗೆ ಹೋದರೆ ಸ್ನೋ ಟೈರುಗಳು ಚೀಲದಲ್ಲಿ ಕಟ್ಟಿದ ಹಾಗೇ ಇದ್ದವು.

ಹೊಸವರ್ಷದ ದಿನ ಅಲ್ಲಿ ಬೆಚ್ಚಗೆ, ಅರವತ್ತು ಡಿಗ್ರಿ ಫ್ಯಾರನ್‌ಹೀಟಂತೆ, ಜನ ಟೀಶರ್ಟಿನಲ್ಲಿ ಓಡಾಡುತ್ತಿದ್ದರಂತೆ. ಹಿಮ ಎಲ್ಲಿ ಬರುತ್ತದೆ ಎಂದು ಕಾಲು ಚಾಚಿ ಮಲಗಿರಬೇಕು, ಸೋಮಾರಿ! ಯೋಗೇಶ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲಿಲ್ಲ. ಶವ ಇರಿಸಿದ್ದ ಫ್ಯೂನರಲ್ ಹೋಮಿನಲ್ಲಿ, ಬಂದವರೆಲ್ಲರ ಎದುರು ಹೇಳಿದರು: "ನಿಮ್ಮಮ್ಮನ್ನ ಕೊಂದಿದ್ದು ನೀನು." ಹುಡುಗ ತಲೆ ತಗ್ಗಿಸಿದ. ಇಲ್ಲ ಎನ್ನಲಿಲ್ಲ. ಮರುವಾರ ಮನೆ ಬಿಟ್ಟ.

ಈಗ ಯೋಗೇಶರಿಗೆ ಅರವತ್ತೆಂಟು. ರಾತ್ರಿ ನಿದ್ದೆ ಬಾರದು, ಹಗಲು ಮಾತಿಗೆ ಜನವಿಲ್ಲ. ಮಗ ಬೇಕು ಎಂದು ಜೀವ ಹಂಬಲಿಸುತ್ತಿತ್ತು, ಆದರೆ ತಾವಾಗಿ ಬಗ್ಗಲು ಮನಸ್ಸು ಒಪ್ಪದು. ತಪ್ಪಾಯ್ತು ಎಂದು ಅವನ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು. ಆ ಒಂದು ಮಾತಿಗಾಗಿಯೇ ಮನೆ ಮಾರುವ ಸುದ್ದಿ ಬರೆದದ್ದು.

ಸಿದ್ಧಾರ್ಥ್ ಆಗಲೇ ಸಾಕ್ಸಿನಲ್ಲೇ ಗರಾಜಿಗಿಳಿದು ಮೊದಲ ಚೀಲ ಎತ್ತಿದ್ದ. ಸಾಮಾನು ಎಷ್ಟೋ ಇದ್ದವು. ಅವನ ಕೈ ಮಾತ್ರ ನೇರ ಅಲ್ಲಿಗೇ ಹೋಗಿತ್ತು.

"ಕೆಳಗಿಡು," ಎಂದರು ಯೋಗೇಶ. "ತಪ್ಪಾಯ್ತು ಅನ್ನು, ಆಮೇಲೆ ತಗೊಂಡ್ ಹೋಗು."

"ತಪ್ಪಾಯ್ತು ಅಪ್ಪ."

ಅಷ್ಟು ಸುಲಭವಾಗಿ ಬಂದುಬಿಟ್ಟಿತು. ಮೂರು ವರ್ಷ ಕಾದ ಮಾತು, ಎದೆಯ ಭಾರ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಇವನು ಬೇಗ ಜಾಗ ಖಾಲಿ ಮಾಡಲು ಅಂದದ್ದು ಎನಿಸಿ ಯೋಗೇಶರಿಗೆ ರೇಗಿತು. ಚೀಲಕ್ಕೆ ಕೈ ಹಾಕಿ ಎಳೆದರು. ಮಗ ಬಿಡಲಿಲ್ಲ. ಹಳೆಯ ಪ್ಲಾಸ್ಟಿಕ್ಕು ಪರ್ರನೆ ಹರಿಯಿತು.

ಕಪ್ಪು ರಬ್ಬರಿನ ಮೇಲೆ ಸೀಮೆಸುಣ್ಣದ ಬರಹವಿತ್ತು. ಮುಂದೆ, ಎಡ. ಕೆಳಗೆ ತಾರೀಖು, ಜನವರಿ ಒಂದು. ಅಕ್ಷರ ಸಿದ್ಧಾರ್ಥನದು.

ಯೋಗೇಶ ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಕಾರಿನಿಂದ ಕಳಚಿದ ಟೈರಿಗಲ್ಲದೆ ಬೇರೆ ಯಾವುದಕ್ಕೂ ಹಾಗೆ ಬರೆಯುವ ಪದ್ಧತಿ ಇರಲಿಲ್ಲ.

"ಏನಿದು, ಸಿದ್ದು?"

"ಬಿಡು ಅಪ್ಪ. ಪ್ಲೀಸ್. ಅದಕ್ಕೇ ನಾನು ಬಂದಿದ್ದು. ನೀನು ನೋಡೋದು ಬೇಡ ಅಂತ."

"ಹೇಳು ಅಂದ್ರೆ ಹೇಳು!"

ಇಪ್ಪತ್ತೆರಡು ವರ್ಷದ ಮಗ ಹರಿದ ಚೀಲವನ್ನು ಮತ್ತೆ ಟೈರಿನ ಮೇಲೆ ಎಳೆದು ಮುಚ್ಚಿದ.

"ಅಮ್ಮ ಥ್ಯಾಂಕ್ಸ್‌ಗಿವಿಂಗ್‌ಗೇ ಹಾಕ್ಸಿದ್ಲು, ಅಪ್ಪ. ನೀನು ತೆಗಿ ಅಂದೆ, ನಾನು ತೆಗ್ದೆ."